ಅಂದು ಸೈರನ್ ಕೂಗಲಿಲ್ಲ

“ಅಕ್ಕಾ, ನಿಮ್ಮನೇಲಿ ಏನೋ ಸೀಯ್ತಿದೆ ನೋಡಿ!”

ಪಕ್ಕದ ಮನೆಯ ಜಯಮ್ಮ ಕೂಗಿದಾಗ ನಾನು ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಓಡಿಹೋಗಿ ನೋಡಿದರೆ ಸೀಮೆಎಣ್ಣೆ ಸ್ಟೌ ಮೇಲೆ ಅನ್ನ ತಳ ಹಿಡಿದು ಕಪ್ಪಾಗಿತ್ತು.

ಎಂಬತ್ತರ ದಶಕದ ಪೀಣ್ಯ. ಮನೆಯಲ್ಲಿ ಗಡಿಯಾರವಿರಲಿಲ್ಲ, ಬೇಕೆನಿಸಿಯೂ ಇರಲಿಲ್ಲ. ಹಿಂದಿನ ರಸ್ತೆಯ ಕಾರ್ಖಾನೆಯ ಸೈರನ್ ಕೂಗಿದಾಗ ಅಕ್ಕಿ ಬೇಯಲು ಇಡುತ್ತಿದ್ದೆ. ನಮ್ಮವರ ಕಾರ್ಖಾನೆಯ ಊಟದ ಸೈರನ್ ಕೂಗಿದಾಗ ಇಳಿಸುತ್ತಿದ್ದೆ. ಅವರು ಊಟಕ್ಕೆ ಬರುವಷ್ಟರಲ್ಲಿ ಅನ್ನ ಹದವಾಗಿ ಅರಳಿರುತ್ತಿತ್ತು.

ಕೂಗದ ಸೈರನ್ನಿಗೆ ಶಾಪ ಹಾಕುತ್ತಿರುವಾಗಲೇ ಅವರು ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಬಳಿ ಕೂತರು. “ಎಲ್ಲರನ್ನೂ ಹೊರಗೆ ಕಳಿಸಿ ಗೇಟಿಗೆ ಬೀಗ ಹಾಕ್ಬಿಟ್ರು ಕಣೇ.”

ಬೇರೆ ಅನ್ನ ಮಾಡಲೆಂದು ನಾನು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೆ.

“ಬೇಡ, ಅಕ್ಕಿ ಇರ್ಲಿ. ಅದನ್ನೇ ಬಡಿಸು.”

ಅನ್ನ ಕೊಂಚ ಅಡಿ ಹತ್ತಿದರೂ ತಟ್ಟೆ ಸರಿಸುತ್ತಿದ್ದ ಮನುಷ್ಯ, ಅಂದು ಸೀದ ಅನ್ನವನ್ನು ಒಂದಗುಳೂ ಬಿಡದೆ ಉಂಡರು.

ಆ ಗೇಟು ಮತ್ತೆ ತೆರೆಯಲಿಲ್ಲ. ಈಗ ಮನೆಯಲ್ಲಿ ಕುಕ್ಕರೂ ಇದೆ, ಗಡಿಯಾರವೂ ಇದೆ. ಆದರೂ ಒಲೆಯ ಮೇಲೆ ಅನ್ನವಿದ್ದರೆ ನಾನು ಅಡುಗೆಮನೆ ಬಿಟ್ಟು ಕದಲುವುದಿಲ್ಲ.