ಒಂದು ಚಮಚ ಹರ್ಮಲ್

ಸೆಫ್ರು ಪೇಟೆಯ ಹಮ್ಮಾಮಿನಲ್ಲಿ, ಅಂದರೆ ಊರ ಬಿಸಿನೀರಿನ ಸ್ನಾನಗೃಹದಲ್ಲಿ, ಮೂವತ್ತು ವರ್ಷ ಹೆಂಗಸರ ಬೆನ್ನುಜ್ಜಿದ ತಾಮುವಿಗೆ ಯಾರ ಮೈ ಹೇಗಿದೆ ಎಂಬುದು ಅವರ ಗಂಡಂದಿರಿಗಿಂತ ಚೆನ್ನಾಗಿ ಗೊತ್ತಿತ್ತು. ಯಾರು ಬಸುರಿ, ಯಾರಿಗೆ ಮನೆಯಲ್ಲಿ ಏಟು ಬಿದ್ದಿದೆ, ಬಿಸಿನೀರು ಸುರಿದ ಕೂಡಲೇ ಹೇಳಿಬಿಡುತ್ತಿದ್ದಳು. ಬಾಯಿಗೆ ಬೀಗವೇ ಇಲ್ಲದ ಹೆಂಗಸು. ಅಂಥವಳು ಸ್ವಂತ ಮಗಳ ವಿಷಯದಲ್ಲಿ ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾಲ್ಕು ತಿಂಗಳು ನುಂಗಿಕೊಂಡು ಕೂತಳು. ಮಗಳು ಗುಣವಾಗುವುದು ಬಿಡುವುದು ಆ ಮಾತಿನ ಮೇಲೆಯೇ ನಿಂತಿತ್ತು.

ಮಗಳ ಹೆಸರು ವಿದಾದ್. ಸತ್ತ ಕೂಸನ್ನು ಹೆತ್ತಳೆಂದು ಗಂಡ ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಂಡಿದ್ದ. ಆ ಊರಿನ ಎಷ್ಟೋ ಹೆಂಗಸರಂತೆ ಅವಳೂ ಜೆಲ್ಲಾಬಾ ಉಡುಪಿಗೆ ರೇಷ್ಮೆದಾರದ ಗುಂಡಿ ಹೆಣೆಯುವವಳು. ಬಂದಮೇಲೆ ಸೂಜಿ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಚಳಿಗಾಲ ಮುಗಿದರೂ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟರು. ಮೊದಲು ಹೊಟ್ಟೆ ತೊಳಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಐದನೆಯ ವಾರ ತಲೆ ಬಾಚಿಕೊಂಡಳು. ಏಳನೆಯ ವಾರ ಪಕ್ಕದ ಮನೆಯ ಕತ್ತೆ ಮೆಟ್ಟಿಲು ಹತ್ತಿ ಬಂದದ್ದನ್ನು ನೋಡಿ ನಕ್ಕಳು.

ಅಷ್ಟಕ್ಕೆ ಸುಮ್ಮನಿರಬಹುದಿತ್ತಲ್ಲ? ತಾಮುವಿಗೆ ಆಗಲಿಲ್ಲ. ಹುಚ್ಚರ ಮಾತ್ರೆ ತಿನ್ನುವವಳನ್ನು ಮತ್ತೆ ಯಾರು ಮದುವೆಯಾಗುತ್ತಾರೆ ಎಂಬ ಚಿಂತೆ ಹಿಡಿದಿತ್ತು. ದೃಷ್ಟಿ ತೆಗೆಯಲು ಹರ್ಮಲ್ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆ ಹಿಡಿಯದ ಮನೆ ಅಲ್ಲಿಲ್ಲ. ಹೊಗೆಯೇ ಇಷ್ಟು ಕೆಲಸ ಮಾಡುವುದಾದರೆ ಬೀಜ ಹೊಟ್ಟೆಗೇ ಹೋದರೆ ಬೇರುಸಹಿತ ಕಿತ್ತುಹೋದೀತು ಎಂದುಕೊಂಡಳು. ಗ್ರಂಥಿಗೆ ಅಂಗಡಿಯವನು ಏಳು ಕಾಳು ಸಾಕು ಎಂದಿದ್ದ. ತಾಮು ಒಂದು ಚಮಚ ತುಂಬ ಕುಟ್ಟಿ ಜೇನಿನಲ್ಲಿ ಕಲಸಿದಳು.

"ಬಾಯಿ ತೆಗಿ ಮಗಳೇ, ಮೈಗೆ ಶಕ್ತಿ ಬರತ್ತೆ."

ವಿದಾದ್ ಅಮ್ಮನ ಮುಖ ನೋಡಿದಳು, ನುಂಗಿದಳು.

ಅವತ್ತು ಶುಕ್ರವಾರ. ಊಟಕ್ಕೆ ಕುಸ್ಕುಸ್ ತಟ್ಟೆಯ ಸುತ್ತ ಕೂತಾಗಲೇ ಅವಳ ಕಾಲು ತಾನಾಗಿ ಅದುರತೊಡಗಿತು. ಮೈ ಬೆವರಿ ನೀರಾಯಿತು, ಜ್ವರ ಸರ್ರನೆ ಏರಿತು. ಕಣ್ಣಿನ ಪಾಪೆ ಹಿಗ್ಗಿ ಕಪ್ಪಗೆ ನಿಂತಿತು. ಟ್ಯಾಕ್ಸಿ ಹಿಡಿದು ಆಸ್ಪತ್ರೆ ಸೇರಿಸುವಷ್ಟರಲ್ಲಿ ದವಡೆ ಕಚ್ಚಿಕೊಂಡಿತ್ತು.

ಸೂಜಿಮದ್ದು ಚುಚ್ಚಿ, ಮೈಗೆ ತಣ್ಣೀರು ಬಟ್ಟೆ ಹಾಕಿಸಿ, ಡಾಕ್ಟರಮ್ಮ ತಾಮುವನ್ನು ಹಾಸಿಗೆಯ ಪಕ್ಕಕ್ಕೆ ಕರೆದರು.

"ತಾಯೀ, ನೀವು ಹಮ್ಮಾಮಿನವರು, ನಿಮಗೆ ಬೇಗ ಅರ್ಥ ಆಗತ್ತೆ. ಮೈಯೊಳಗೆ ಸೆರೊಟೋನಿನ್ ಅಂತ ಒಂದು ವಸ್ತು ಇದೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಕರುಳಲ್ಲೇ ಇರತ್ತೆ, ತಲೇಲಿ ಇರೋದು ಸ್ವಲ್ಪ. ಅಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋಕೆ ಅದನ್ನ ಬಿಡತ್ತೆ, ಆಮೇಲೆ ವಾಪಸ್ ಹೀರ್ಕೊಳತ್ತೆ. ನಾನು ಕೊಟ್ಟ ಮಾತ್ರೆ ಆ ಹೀರೋದನ್ನ ತಡೆಯತ್ತೆ. ನಿಮ್ಮ ತೊಟ್ಟೀಲಿ ಒಂದು ತೂಬು ಮುಚ್ಚಿದ ಹಾಗೆ."

"ನೀರು ಏರತ್ತೆ," ಅಂದಳು ತಾಮು.

"ಹದವಾಗಿ ಏರತ್ತೆ. ಯಾಕಂದ್ರೆ ಇನ್ನೊಂದು ತೂಬು ತೆಗೆದಿರತ್ತೆ, ಹೆಚ್ಚಾಗಿದ್ದನ್ನ ಮೈಯೇ ಒಡೆದು ಹಾಕತ್ತೆ. ಇವಳಿಗೆ ಆ ಎರಡನೇ ತೂಬನ್ನೂ ಯಾರೋ ಮುಚ್ಚಿದ ಹಾಗಿದೆ. ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು ಏನಾದ್ರೂ ಕೊಟ್ರಾ?"

"ಇಲ್ಲ."

"ಹರ್ಮಲ್ ಬೀಜ? ಅದೂ ಆ ತೂಬನ್ನ ಮುಚ್ಚತ್ತೆ. ಕೊಟ್ಟಿದ್ರೆ ಹೇಳಿ, ನಾನು ಬೈಯಲ್ಲ."

ತಾಮು ಒಮ್ಮೆ ತಲೆಯೆತ್ತಿದಳು. ಸುತ್ತ ನಾಲ್ಕು ಹಾಸಿಗೆಯ ಹೆಂಗಸರು ಕಿವಿ ನಿಮಿರಿಸಿದ್ದರು, ನಾಲ್ವರ ಬೆನ್ನನ್ನೂ ಅವಳು ಉಜ್ಜಿದ್ದಳು.

"ಅಯ್ಯೋ, ಹರ್ಮಲ್ ಯಾರಾದ್ರೂ ತಿಂತಾರಾ? ಹೊಗೆ ಹಾಕ್ತೀವಿ, ಅಷ್ಟೆ."

"ಹಾಗಾದ್ರೆ ಮಾತ್ರೆಯೇ ಇವಳ ಮೈಗೆ ಒಗ್ಗಲ್ಲ," ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ಆ ಜಾತಿಯ ಯಾವ ಮಾತ್ರೆಯನ್ನೂ ಇನ್ನು ಕೊಡಬಾರದು ಎಂದಾಯಿತು.

ವಿದಾದ್ ಬದುಕಿದಳು. ಎರಡೇ ದಿನದಲ್ಲಿ ಜ್ವರ ಇಳಿಯಿತು. ಆದರೆ ಮಾತ್ರೆ ನಿಂತು ಒಂದೂವರೆ ತಿಂಗಳಿಗೆ ಬಾಚಣಿಗೆ ಮೂಲೆ ಸೇರಿತು, ಮತ್ತೆ ಅದೇ ಗೋಡೆ, ಅದೇ ಮುಖ. ಡಾಕ್ಟರಮ್ಮ ಕೊಟ್ಟ ಬೇರೆ ಮದ್ದು ಅವಳನ್ನು ಹಗಲೆಲ್ಲ ಮಲಗಿಸಿತೇ ಹೊರತು ಎಬ್ಬಿಸಲಿಲ್ಲ. ತಾಮು ರೊಟ್ಟಿ ಇಟ್ಟು ಬರುವಳು, ಒಣಗಿದ ರೊಟ್ಟಿ ತೆಗೆದುಕೊಂಡು ಬರುವಳು. ನಿಜ ಹೇಳಿದರೆ ಮಗಳನ್ನು ಕೊಲ್ಲಹೊರಟ ತಾಯಿ ಎಂದಾರು ಎಂದು ಅಂಜಿ ಮಗಳನ್ನು ದಿನಕ್ಕಿಷ್ಟು ಸಾಯಲು ಬಿಟ್ಟಿದ್ದಳು. ಇದಕ್ಕೆ ಬೇರೆ ಹೆಸರಿಲ್ಲ.

ಹಮ್ಮಾಮಿನಲ್ಲಿ ಮಾತ್ರ ಅವಳಿಗೆ, ಮಾತ್ರೆಯ ಅಪಾಯ ಕಣ್ಣಾರೆ ಕಂಡವಳೆಂದು, ಎಲ್ಲಿಲ್ಲದ ಮರ್ಯಾದೆ. ಒಂದು ದಿನ ಬೆನ್ನು ಕೊಟ್ಟು ಕೂತಿದ್ದ ರುಖಿಯಾ ಹೇಳಿದಳು: "ನಿನ್ನ ಮಗಳ ಗತಿ ಕೇಳಿದ್ದೇ ನಮ್ಮ ಸೊಸೆಯ ಅಂಥದೇ ಮಾತ್ರೆನೆಲ್ಲ ಒಲೆಗೆ ಹಾಕ್ಬಿಟ್ಟೆ ತಾಮಕ್ಕಾ. ಎಷ್ಟು ಅತ್ತಳು ಗೊತ್ತಾ! ನೀನು ಪುಣ್ಯ ಕಟ್ಕೊಂಡೆ."

ತಾಮು ಉಜ್ಜುವ ಕೈಗವಸು ಕಳಚಿಟ್ಟು, ಅರ್ಧ ಉಜ್ಜಿದ ಬೆನ್ನನ್ನು ಹಾಗೇ ಬಿಟ್ಟು ಮನೆಗೆ ನಡೆದಳು.

"ವಿದಾದ್, ಅವತ್ತು ಜೇನಲ್ಲಿ ನಾನು..."

"ಹರ್ಮಲ್," ಅಂದಳು ಮಗಳು, ಗೋಡೆಯ ಕಡೆಯಿಂದಲೇ.

"ನಿಂಗೆ ಗೊತ್ತಿತ್ತಾ?"

"ಆ ಕಹಿ ಜೇನಲ್ಲಿ ಮುಚ್ಚತ್ತೇನಮ್ಮಾ? ನನ್ನ ಒಳ್ಳೇದಕ್ಕೇ ಕೊಡ್ತಿದೀಯ ಅಂತ ನುಂಗಿದೆ. ಅದಕ್ಕಲ್ಲ ನಂಗೆ ಸಿಟ್ಟು. ಡಾಕ್ಟರಮ್ಮ ಕೇಳ್ದಾಗ ನಂಗೆ ಎಚ್ಚರ ಇತ್ತು. ಮಾತು ಬರ್ತಿರಲಿಲ್ಲ. ನೀನು ಹೇಳ್ತೀಯ ಅಂತ ಕಾದೆ."

"ಆಮೇಲಾದ್ರೂ ನೀನೇ ಹೇಳ್ಬಹುದಿತ್ತಲ್ಲೇ!"

"ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನೋಡ್ತಾ ಇದ್ದೆ. ಕೊನೆಗೆ ಹೇಳಿದ್ರೂ ಒಂದೇ, ಬಿಟ್ರೂ ಒಂದೇ ಅನ್ನಿಸ್ತು. ನಾಲ್ಕು ತಿಂಗಳು, ಅಮ್ಮಾ."

ತಾಮು ಹಾಸಿಗೆಯ ಪಕ್ಕ ಕುಸಿದಳು. "ಬೆಳಿಗ್ಗೇನೇ ಹೋಗೋಣ. ಎಲ್ಲರೆದುರೇ ಹೇಳ್ತೀನಿ."

"ನೀನು ಬರಬೇಡ. ನಾನೇ ಹೋಗಿ ಹೇಳ್ತೀನಿ."

ಬೆಳಿಗ್ಗೆ ತಾಮು ಮಗಳಿಗೆಂದು ಪುದೀನ ಚಹಾ ಕಾಯಿಸಿ ಲೋಟಕ್ಕೆ ಬಗ್ಗಿಸಿಟ್ಟಿದ್ದಳು. ವಿದಾದ್ ಗೋಡೆ ಹಿಡಿದುಕೊಂಡು ಎದ್ದು ಬಂದು, ಆ ಲೋಟವನ್ನು ಪಕ್ಕಕ್ಕೆ ಸರಿಸಿ, ಬೇರೆ ಕೆಟಲಿನಲ್ಲಿ ತಾನೇ ನೀರಿಟ್ಟಳು. ನೀರು ಕುದಿಯುವ ತನಕ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.