ಟ್ರಂಕಿನೊಳಗಿದ್ದ ಹತ್ತು ಅಡಿ ದಾರಿ

ಚಳ್ಳಕೆರೆ ಹತ್ತಿರದ ತಳಕಿನಲ್ಲಿ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ, ಆಗಲೇ ಉಚ್ಚಂಗೆಮ್ಮನವರ ಜಗಲಿಯಲ್ಲಿ ಮೂವರು ಕೂತಿದ್ದಾರೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನೊಳಗೆ ಕೋರ್ಟಿನ ಕಾಗದ. ಅರವತ್ತಾರರ ಈ ನಿವೃತ್ತ ನ್ಯಾಯಾಧೀಶೆ ಬಾಗಿಲು ತೆರೆದು, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಎದುರಿನ ಟೀ ಅಂಗಡಿಯ ಹೊನ್ನೂರಸ್ವಾಮಿಗೆ ಅಷ್ಟೇ ಸಾಕು. ಕೋರ್ಟಿನಲ್ಲಿ ಹೆಸರು ಕೂಗುವವನ ಗತ್ತಿನಲ್ಲಿ ಅಲ್ಲಿಂದಲೇ ಕೂಗುತ್ತಾನೆ: "ಯಾರಪ್ಪ ಮೊದ್ಲು ಬಂದೋರು, ಮುಂದಕ್ ಬರ್ರಿ."

"ಸ್ವಾಮಿ, ನಿನ್ನ ಕೋರ್ಟು ಆಮೇಲೆ. ಟೀ ಮೊದ್ಲು ಬರ್ಲಿ," ಎನ್ನುತ್ತಾರೆ ಉಚ್ಚಂಗೆಮ್ಮ.

ಕೆಲಸ ಇಷ್ಟೇ: ಬಂದವರ ಇಂಗ್ಲಿಷ್ ತೀರ್ಪನ್ನು ಓದಿ, ಅದರಲ್ಲಿ ಏನಿದೆ ಎಂದು ಅವರ ಮಾತಿನಲ್ಲೇ ಹೇಳುವುದು. ಅರ್ಜಿ ಬರೆಯುವುದಿಲ್ಲ, ಮುಂದೇನು ಮಾಡಲಿ ಎಂದು ಕೇಳಿದವರನ್ನು ವಕೀಲರ ಹತ್ತಿರ ಕಳಿಸುತ್ತಾರೆ. ದಿನಕ್ಕೆ ಐದಾರು ಮಂದಿ, ಸೋಮವಾರ ಚಳ್ಳಕೆರೆ ಬಸ್ಸಿಗೆ ಬಂದವರೂ ಸೇರಿದರೆ ಹತ್ತು. ಆರು ವರ್ಷದಲ್ಲಿ ತಪ್ಪಿದ್ದು ಕಣ್ಣಿನ ಪೊರೆ ತೆಗೆಸಿದ ವಾರ ಮಾತ್ರ. ಆ ವಾರವೂ ಇಬ್ಬರು ಬಂದು ಕಾದು ಹೋದರಂತೆ. ಅದನ್ನು ಹೇಳುವಾಗ ಅವರಿಗೆ ಈಗಲೂ ಕಸಿವಿಸಿ.

ಉಚ್ಚಂಗೆಮ್ಮ ಜಗಳೂರು ಕಡೆಯ ರೈತರ ಮಗಳು. ಕಂದೀಲಿನ ಬೆಳಕಲ್ಲಿ ಓದಿದಿರಂತೆ ಎಂದರೆ, "ಆವಾಗ ಎಲ್ಲಾರೂ ಅಂಗೇ ಓದಿದ್ದು, ಬಿಡ್ರಿ" ಎಂದು ಆ ಕಥೆಗೆ ಅಲ್ಲೇ ಮಂಗಳ ಹಾಡುತ್ತಾರೆ. ಕರಿಕೋಟು ಹಾಕಿದ ಹೊಸದರಲ್ಲಿ ಹೆಂಗಸಿಗೆ ಕೇಸು ಕೊಡುವವರೇ ಇರಲಿಲ್ಲ. ನಾಲ್ಕು ವರ್ಷ ಹಿರಿಯ ವಕೀಲರ ಫೈಲು ಹೊತ್ತದ್ದೇ ಬಂತು. ಆಮೇಲೆ ಪರೀಕ್ಷೆ ಬರೆದು ನ್ಯಾಯಾಧೀಶೆಯಾದರು. ಇಪ್ಪತ್ತನಾಲ್ಕು ವರ್ಷದ ಸೇವೆಯಲ್ಲಿ ಒಂಬತ್ತು ಊರು, ಸರಿಸುಮಾರು ಮೂರು ಸಾವಿರ ತೀರ್ಪು. ಮೊಳಕಾಲ್ಮುರಿಗೆ ಬಂದಾಗ ಸಾಕ್ಷಿಗಳಲ್ಲಿ ಅರ್ಧಕ್ಕರ್ಧ ಜನ ತೆಲುಗಿನಲ್ಲೇ ಬಾಯಿ ಬಿಡುತ್ತಿದ್ದರು. "ಕಟಕಟೇಲಿ ನಿಂತೋರೇ ನಂಗೆ ತೆಲುಗಿನ ಮೇಷ್ಟ್ರು," ಎಂದು ನಗುತ್ತಾರೆ. ಕೊನೆಗೆ ಚಳ್ಳಕೆರೆ, ಅಲ್ಲೇ ನಿವೃತ್ತಿ. ಗಾಳಿ ಚೆನ್ನಾಗಿದೆ ಎಂದು ತಳಕಿನಲ್ಲಿ ಮನೆ ಮಾಡಿದರು. "ಜಡ್ಜ್ ಆಗಿದ್ದಾಗ ಒಂದು ಮದುವೆ ಊಟಕ್ಕೆ ಹೋಗಾಕೂ ಹತ್ತು ಸಲ ಯೋಚ್ನೆ ಮಾಡ್ಬೇಕಿತ್ತು. ಇವಾಗ ನೋಡ್ರಿ, ಹರಟೆಗೆ ರಜಾನೇ ಇಲ್ಲ."

ಇವತ್ತಿನ ಮೂರನೆಯವರು ಯತ್ತಪ್ಪ. ಎಪ್ಪತ್ತು ದಾಟಿದ ಕುರಿಗಾಹಿ, ಪಕ್ಕದ ಹಟ್ಟಿಯವರು. ಕಾಗದ ಕೊಡುವ ಮೊದಲೇ ಹೇಳಿಬಿಡುತ್ತಾರೆ: "ಅಮ್ಮಾವ್ರೆ, ನನ್ನ ಸೋಲ್ಸಿದ್ದೇ ನೀವು. ಅದುಕ್ಕೇ ಇಷ್ಟು ದಿನ ಈ ಕಡೆ ತಲೆ ಹಾಕ್ಲಿಲ್ಲ."

ಬಿಡಿಸಿ ನೋಡಿದರೆ ಹೌದು, ಉಚ್ಚಂಗೆಮ್ಮನವರದೇ ಸಹಿ. ಎಂಟು ವರ್ಷ ಹಳೆಯದು. ಹಟ್ಟಿಗೂ ಕುರಿಗಳು ನೀರು ಕುಡಿಯುವ ಗೋಕಟ್ಟೆಗೂ ನಡುವೆ ಪಾಲಾಕ್ಷನ ಶೇಂಗಾ ಹೊಲವಿದೆ. ಅದರ ಅಂಚಿನ ಪಟ್ಟಿ ತನ್ನದು ಎಂದು ಯತ್ತಪ್ಪ ದಾವೆ ಹೂಡಿದ್ದರು. 'ಸೋತೆ ಯಜಮಾನ' ಎಂದು ಕೋರ್ಟಿನ ಅಂಗಳದಲ್ಲಿ ಯಾರೋ ಹೇಳಿದರು, ಕಾಗದ ಟ್ರಂಕು ಸೇರಿತು, ಪಾಲಾಕ್ಷ ಜಾಲಿಮುಳ್ಳಿನ ಬೇಲಿ ಬಿಗಿದ. ಅಂದಿನಿಂದ ಎಂಬತ್ತು ಕುರಿ ದಿನಾ ನಾಲ್ಕು ಕಿಲೋಮೀಟರು ಸುತ್ತಿ ನೀರಿಗೆ ಹೋಗುತ್ತಿವೆ.

"ಮೊಣಕಾಲು ಹೋದ್ವು. ಈ ಭಾನುವಾರ ಅಷ್ಟೂ ಕುರಿ ಮಾರ್ತೀನಿ. ಅದುಕ್ ಮುಂಚೆ ಯಾಕ್ ಸೋತೆ ಅಂತ ತಿಳ್ಕಳಾನ ಅಂತ ಬಂದೆ."

ಉಚ್ಚಂಗೆಮ್ಮ ಓದುತ್ತಾ ಹೋಗುತ್ತಾರೆ. ಒಂಬತ್ತನೇ ಪುಟಕ್ಕೆ ಬಂದವರು ನಿಲ್ಲುತ್ತಾರೆ, ಇನ್ನೊಮ್ಮೆ ಓದುತ್ತಾರೆ, ಕನ್ನಡಕ ತೆಗೆಯುತ್ತಾರೆ.

"ಯತ್ತಪ್ಪಾರೆ, ಜಾಗ ಪಾಲಾಕ್ಷಪ್ಪಂದೇ. ಆದ್ರೆ ನಿಮ್ಮ ತಾತನ ಕಾಲದಿಂದ ಕುರಿ ಅಲ್ಲೇ ನಡೆದಾವೆ, ಅದುಕ್ಕೆ ಹತ್ತು ಅಡಿ ದಾರಿ ಬಿಡ್ಬೇಕು, ಯಾವತ್ತೂ ಅಡ್ಡ ಕಟ್ಟೋಹಂಗಿಲ್ಲ ಅಂತ ಐತೆ. ನಾನೇ ಬರೆದೀನಿ."

ಯತ್ತಪ್ಪನವರಿಗೆ ಮನೆಮಾತು ತೆಲುಗೇ ಬಾಯಿಗೆ ಬರುತ್ತದೆ. "ನಿಜಂಗಾ?"

"ನಿಜಂಗಾನೇ." ಉಚ್ಚಂಗೆಮ್ಮ ಕಾಗದವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ನನ್ನ ಇಂಗ್ಲಿಷು ಚೆಂದ ಅಂತ ವಕೀಲ್ರೆಲ್ಲಾ ಹೊಗಳೋರು. ಕೇಳಿ ಹಿಗ್ಗಿದ್ದೆ. ಅವತ್ತು ನಿಮ್ಮನ್ನ ಕರ್ದು ಕನ್ನಡದಾಗೆ ಒಂದು ಮಾತು ಹೇಳಿದ್ರೆ ನಿಮ್ಮ ಮೊಣಕಾಲು ಉಳೀತಿದ್ವು. ತಪ್ಪು ನಂದು, ಯತ್ತಪ್ಪಾರೆ."

"ಬಿಡ್ರಮ್ಮ," ಎನ್ನುತ್ತಾರೆ ಯತ್ತಪ್ಪ, ಕಣ್ಣು ಒರೆಸಿಕೊಳ್ಳುತ್ತಾ. "ಕುರಿ ಉಳಿದ್ವಲ್ಲ."

ಅಷ್ಟರಲ್ಲಿ ಹೊನ್ನೂರಸ್ವಾಮಿ ಪಾಲಾಕ್ಷನಿಗೆ ಫೋನು ಮಾಡಿಯಾಗಿದೆ. ಅವನ ಕೋರ್ಟಿನಲ್ಲಿ ಸಮನ್ಸಿಗೆಲ್ಲ ಕಾಯುವ ಪದ್ಧತಿಯಿಲ್ಲ. ಪಾಲಾಕ್ಷ ಬೈಕಿನಲ್ಲಿ ಬರುತ್ತಾನೆ, ತನ್ನ ಪ್ರತಿಯನ್ನೂ ಹಿಡಿದು. ಮಡಿಕೆ ಬಿಚ್ಚಿದ ಗುರುತೇ ಇಲ್ಲ.

"ಓದ್ಸಿರ್ಲಿಲ್ವಾ?" ಎಂದು ಉಚ್ಚಂಗೆಮ್ಮ ಕೇಳಿದರೆ, "ಗೆದ್ದೋರು ಯಾಕ್ ಓದ್ಸ್ತಾರೆ, ಮೇಡಂ?" ಎನ್ನುತ್ತಾನೆ.

ಅವನ ಪ್ರತಿಯಿಂದಲೇ ಒಂಬತ್ತನೇ ಪುಟ ಓದಿ ಹೇಳುತ್ತಾರೆ. ಪಾಲಾಕ್ಷ ತಲೆ ಕೆರೆದುಕೊಳ್ಳುತ್ತಾನೆ. "ಎಂಟು ವರ್ಷ ಸುಮ್ನೆ ಮುಳ್ಳು ಕಾಯ್ಕಂಡು ಕುಂತಿದ್ನಲ್ಲ. ಯತ್ತಣ್ಣ, ಬೇಲಿ ನಾನೇ ಕೀಳ್ತೀನಿ. ಶೇಂಗಾಕ್ಕೆ ಬಾಯಿ ಹಾಕದಂಗೆ ನೋಡ್ಕೋ, ಅಷ್ಟೇ."

"ನನ್ನ ಕುರಿ ನಿನ್ನಂಗಲ್ಲ ಕಣೋ, ಹೇಳಿದ್ ಮಾತು ಕೇಳ್ತವೆ."

ಜಗಲಿಯ ಮೇಲಿದ್ದವರೆಲ್ಲ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ ಪಾಲಾಕ್ಷ.

ಮರುದಿನ ಬೆಳಗ್ಗೆ ಹೋದರೆ ಕುರ್ಚಿ ಖಾಲಿ. "ಕೋರ್ಟು ಇವತ್ತು ಸ್ಥಳ ಪರಿಶೀಲನೆಗೆ ಹೋಗೈತೆ," ಎಂದು ಹೊನ್ನೂರಸ್ವಾಮಿ ಗಂಭೀರವಾಗಿ ಹೇಳುತ್ತಾನೆ. ಉಚ್ಚಂಗೆಮ್ಮ ಹೊಲದಂಚಿನಲ್ಲಿದ್ದಾರೆ, ಸೀರೆಗೆಲ್ಲ ಕೆಂಧೂಳು. ಕಿತ್ತ ಮುಳ್ಳನ್ನು ಪಾಲಾಕ್ಷ ಒಂದು ಕಡೆ ಒಟ್ಟಿದ್ದಾನೆ. ಮುಂದೆ ಯತ್ತಪ್ಪ, ಹಿಂದೆ ಎಂಬತ್ತು ಕುರಿ. ಭಾನುವಾರ ಮಾರುವ ಮಾತನ್ನು ಯಾರೂ ಎತ್ತುವುದಿಲ್ಲ.

ಜಗಲಿಯಲ್ಲಿ ಜನ ಕಾಯುತ್ತಿದ್ದಾರೆ ಎಂದು ನೆನಪಿಸಿದರೂ ಉಚ್ಚಂಗೆಮ್ಮ ಅಲ್ಲಾಡುವುದಿಲ್ಲ.

"ಹೊನ್ನೂರಸ್ವಾಮಿ ಟೀ ಕೊಡ್ತಿರ್ಲಿ. ಕೊನೇ ಕುರಿ ದಾಟಿದ ಮ್ಯಾಲೆ ಬರ್ತೀನಿ. ಮೂರು ಸಾವಿರ ತೀರ್ಪು ಬರೆದೀನಿ, ಒಂದು ಜಾರಿ ಆಗೋದನ್ನ ಕಣ್ಣಾರೆ ನೋಡಿದ್ದು ಇವತ್ತೇ."