ಹಳ್ಳ ದಾಟಿದವರ ಹಾಜರಿ

ಸೆಪ್ಟೆಂಬರ್ ಹದಿನೇಳು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ, ಮುಂಡರಗಿಯ ಒಂದು ಶಾಲೆಯ ಅಂಗಳ. ಹಾಜರಿದ್ದವರು: ಹೆಡ್‌ಮಾಸ್ತರರು, ಆರು ಜನ ಶಿಕ್ಷಕರು, ಬಿಸಿಲಿನಲ್ಲಿ ಸಾಲಾಗಿ ಕುಳಿತ ಮಕ್ಕಳು, ಕುರ್ಚಿಯ ಮೇಲೆ ನಾನು. ಕಾರ್ಯಕ್ರಮ ಹತ್ತಕ್ಕೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಐದು ನಿಮಿಷ ತಡವಾದದ್ದನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ. ಜೀವಮಾನವಿಡೀ ಡ್ರಿಲ್ ಮಾಸ್ತರನಾಗಿದ್ದವನಿಗೆ ಸನ್ಮಾನದ ದಿನವೂ ಈ ಚಟ ಬಿಡುವುದಿಲ್ಲ.

ಹೆಡ್‌ಮಾಸ್ತರರು ನನಗೆ ಶಾಲು ಹೊದಿಸಿದರು. ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಆಮೇಲೆ ಅವರು ಗಟ್ಟಿ ದನಿಯಲ್ಲಿ ಓದಿದರು: “ನಿಜಾಮನ ರಾಜ್ಯ ಉರುಳಿದ ಆ ಸಂಜೆ, ತುಂಬಿ ಹರಿಯುತ್ತಿದ್ದ ಹೊಳೆಯಲ್ಲಿ, ನಿರಾಶ್ರಿತ ತಾಯಿಯೊಬ್ಬಳನ್ನು ಹೊತ್ತು ಆಚೆ ದಡ ಮುಟ್ಟಿಸಿದ ವೀರರು ಇವರು.” ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಮಧ್ಯಾಹ್ನದ ಬಸ್ಸಿಗೆ ಗದಗಿಗೆ ಬಂದು, ಊಟ ಮಾಡಿ, ಇಪ್ಪತ್ತು ನಿಮಿಷ ಮಲಗಿದೆ. ನಿದ್ದೆ ಬರಲಿಲ್ಲ. ನನ್ನ ದಿನಚರಿಯಲ್ಲಿ ಇದು ಅಪರೂಪದ ಘಟನೆ. ಹಾಗಾಗಿ ನಿಮಗೆ ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ನಮಗೊಬ್ಬ ರಾಜ, ಪಕ್ಕದ ಶಿರಹಟ್ಟಿಗೆ ಇನ್ನೊಬ್ಬ ರಾಜ, ಗದಗಿಗೆ ಇಂಗ್ರೇಜಿ ಸರಕಾರ. ಚಕ್ಕಡಿ ಹೂಡಿಕೊಂಡು ನೆಂಟರ ಮನೆಗೆ ಹೊರಟರೆ ಎತ್ತುಗಳು ಒಂದೇ ದಿನದಲ್ಲಿ ಮೂರು ಸರಕಾರಗಳ ಹುಲ್ಲು ಮೇಯುತ್ತಿದ್ದವು. ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ಸಂಸ್ಥಾನ ವಿಲೀನವಾಯಿತು. ನಾನು ಗದ್ದಲ, ಕಹಳೆ, ಕೊನೆಯ ಪಕ್ಷ ಒಂದು ಹರಿದ ಬಾವುಟವನ್ನಾದರೂ ನಿರೀಕ್ಷಿಸಿದ್ದೆ. ಕಚೇರಿಯ ಮುಂದಿನ ಫಲಕ ಬದಲಾಯಿತು, ಅಷ್ಟೆ. ಹೊಸ ಫಲಕ ಸ್ವಲ್ಪ ಎಡಕ್ಕೆ ವಾಲಿತ್ತು. ನಾನು ಏಣಿ ಹತ್ತಿ ಅದನ್ನು ನೆಟ್ಟಗೆ ಮಾಡಿದೆ. ಒಂದು ರಾಜಸತ್ತೆಯ ಪತನಕ್ಕೆ ಹತ್ತೊಂಬತ್ತು ವರ್ಷದ ನಾನು ಸಲ್ಲಿಸಿದ ಸೇವೆ ಇಷ್ಟೇ.

ನಿಜವಾದ ಪತನವೊಂದನ್ನು ನೋಡಬೇಕೆಂಬ ಹಂಬಲದಿಂದ ಆ ಮಳೆಗಾಲ ಮುಂಡರಗಿಗೆ ಹೋದೆ. ಅಲ್ಲಿಂದ ಮೂಡಣಕ್ಕೆ ನಡೆದರೆ ಹೈದರಾಬಾದಿನ ಸೀಮೆ. ಆ ಕಡೆಯ ಹಳ್ಳಿಗಳ ಜನ ನಿಜಾಮನ ಕಡೆಯವರ ದಾಳಿಗಳಿಗೆ ಹೆದರಿ ಈ ಕಡೆ ಬರುತ್ತಿದ್ದರು. ಗಡಿಯ ಹತ್ತಿರದ ಒಂದು ಊರಲ್ಲಿ ಅವರಿಗೂ ಹೋರಾಟಗಾರರಿಗೂ ಶಿಬಿರವಿತ್ತು. ನಾನು ಬಂದೂಕು ಕೇಳಿದೆ. ಶಿಬಿರದ ನಾಯಕರು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿ ಹಾಜರಿ ಪುಸ್ತಕವನ್ನೂ ಒಂದು ಸೀಟಿಯನ್ನೂ ಕೊಟ್ಟರು.

ಮೊದಲ ರಾತ್ರಿ ದುಃಖಪಟ್ಟೆ. ಎರಡನೆಯ ದಿನದಿಂದ ಆಳತೊಡಗಿದೆ. ಬೆಳಿಗ್ಗೆ ಎಂಟಕ್ಕೆ ಹಾಜರಿ, ಸಂಜೆ ಆರಕ್ಕೆ ಹಾಜರಿ. ಆರರ ನಂತರ ಯಾರೂ ಶಿಬಿರ ಬಿಡುವಂತಿಲ್ಲ. ಊರಿಗೆ ಮರಳುವವರು ಮುಂಜಾನೆಯ ಹಾಜರಿಯಲ್ಲಿ ಹೆಸರು ಹೊಡೆಸಿಕೊಂಡೇ ಹೋಗಬೇಕು. ಇಷ್ಟರಲ್ಲಿ ಅರ್ಧ ನಿಯಮಗಳು ನಾಯಕರವು, ಉಳಿದರ್ಧ ನಾನೇ ಸೇರಿಸಿದವು. ಮುದುಕರು ಸಹ ಸೀಟಿಗೆ ಎದ್ದು ನಿಲ್ಲುತ್ತಿದ್ದರು. ನನಗೆ ಆಗ ಅದರಲ್ಲೇನೂ ತಪ್ಪು ಕಾಣಲಿಲ್ಲ. ಚಂದ ಕಂಡಿತ್ತು.

ಶಿಬಿರಕ್ಕೆ ರೊಟ್ಟಿ ಬಡಿಯುವ ಹೆಂಗಸರಲ್ಲಿ ನೀಲವ್ವ ಒಬ್ಬಳು. ಗಡಿ ಎಂದರೆ ಒಂದು ಹಳ್ಳ, ಹಳ್ಳದಾಚೆ ಅವಳ ಊರು. ಎತ್ತುಗಳನ್ನು ಬಿಟ್ಟು ಬರಲಾರೆನೆಂದು ಗಂಡ ಫಕೀರಪ್ಪ ಅಲ್ಲೇ ಉಳಿದಿದ್ದ. ಅವನು ಜ್ವರ ಬಂದು ಏಳಲಾರದೆ ಬಿದ್ದಿದ್ದಾನೆಂದು ಸೆಪ್ಟೆಂಬರಿನಲ್ಲಿ ಯಾರೋ ಸುದ್ದಿ ತಂದರು. ಅಷ್ಟರಲ್ಲಿ ಭಾರತದ ಸೈನ್ಯ ಹೈದರಾಬಾದಿನೊಳಗೆ ನುಗ್ಗಿತ್ತು. ದಾರಿಯಲ್ಲಿ ಗುಂಡು ಹಾರಬಹುದೆಂದು ನಾಯಕರು ಅವಳನ್ನು ಬಿಡಲಿಲ್ಲ. ಮೂರು ದಿನ ಅವಳು ಹಳ್ಳದ ಕಡೆ ನೋಡುತ್ತ ರೊಟ್ಟಿ ಬಡಿದಳು.

ಹದಿನೇಳರ ಸಂಜೆ ಮುಂಡರಗಿಯಿಂದ ಒಬ್ಬ ಸೈಕಲ್ ಮೇಲೆ ಬಂದ. ಅಲ್ಲಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ರೇಡಿಯೋ ಇತ್ತು. ನಿಜಾಮ ಶರಣಾದನೆಂದು ಅದರಲ್ಲಿ ಹೇಳಿದರಂತೆ. ಶಿಬಿರವೆಲ್ಲ ಕುಣಿಯತೊಡಗಿತು. ನಾನು ಗಡಿಯಾರ ನೋಡಿದೆ, ಆರಕ್ಕೆ ಎರಡು ನಿಮಿಷ. ಆರು ಹೊಡೆದೊಡನೆ ಹಾಜರಿಗೆ ಸೀಟಿ ಊದಿದೆ. ಯಾರೂ ಬರಲಿಲ್ಲ. ರೊಟ್ಟಿಯ ಗಂಟು ಬಗಲಲ್ಲಿಟ್ಟುಕೊಂಡು ನೀಲವ್ವ ಒಬ್ಬಳೇ ಬಂದಳು.

“ತಮ್ಮಾ, ನಾ ಊರಿಗೆ ಹೊಂಟೀನಿ. ಹೆಸರು ಹೊಡದು ಹಾಕು.”

“ಈಗ ಆಗಂಗಿಲ್ಲವ್ವಾ. ಆರು ಹೊಡದಾವು. ಮುಂಜಾನೆ ಎಂಟರ ಹಾಜರಿ ಆದಮ್ಯಾಗ ಬಾ.”

“ಅಂವ ಮೂರು ದಿನದಿಂದ ಮಲಗ್ಯಾನ. ನೀರು ಕೊಡಾವರು ಸತೇಕ ಇಲ್ಲ. ಜ್ವರಕ್ಕೂ ನಿನ್ನ ಹಾಜರಿ ಐತೇನು?”

“ಒಬ್ಬರಿಗೆ ಬಿಟ್ಟರ ನಾಳೆ ಎಲ್ಲಾರೂ ಕೇಳತಾರ.”

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಹೈದರಾಬಾದಿನ ದೊರಿ ಇಳದ. ನೀ ಯಾವಾಗ ಇಳೀತಿ?”

ಒಲೆಯ ಮುಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನೀಲವ್ವ ನಡೆದೇಬಿಟ್ಟಳು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಾನು ಬೆನ್ನು ಹತ್ತಿದೆ.

“ನಿಲ್ಲವ್ವಾ, ಸೀಟಿ ಊದತೀನಿ ನೋಡು.”

“ಊದು. ಅವರು ಕುಣ್ಯಾಕ ಹತ್ಯಾರ, ತಾಳಕ್ಕಾದ್ರೂ ಆಗತೈತಿ.”

ಹಿಂದಿನ ದಿನ ಮಳೆಯಾಗಿತ್ತು. ಹಳ್ಳದ ನೀರು ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ಇತ್ತು. ಅವಳು ಸೀರೆ ಎತ್ತಿ ಕಟ್ಟಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು, ತನ್ನ ಹಿತ್ತಲಲ್ಲಿ ನಡೆದಂತೆ ಇಳಿದಳು. ನಾನು ಚಪ್ಪಲಿ ಕಳಚಿ, ಜೋಡಿಸಿಟ್ಟು, ಆಮೇಲೆ ಇಳಿದೆ. ನಡುವಿನಲ್ಲಿ ಪಾಚಿಗಲ್ಲು ಜಾರಿತು. ಅಷ್ಟು ನೀರಿನಲ್ಲಿ ಮುಳುಗುವುದು ಸುಲಭವಲ್ಲ, ಆದರೆ ಎರಡೂ ಕೈಗಳಲ್ಲಿ ಪುಸ್ತಕವನ್ನು ಮೇಲೆತ್ತಿ ಹಿಡಿದವನಿಗೆ ಸಾಧ್ಯವಾಗುತ್ತದೆ. ನಾನು ಒಂದು ಸಲ ಮುಳುಗಿ ಎದ್ದೆ, ಮತ್ತೆ ಮುಳುಗಿದೆ.

“ಪುಸ್ತಕ ಬಿಡಲೇ. ಕೈ ಕೊಡು,” ಎಂದಳು ನೀಲವ್ವ.

ಬಿಟ್ಟೆ. ಎರಡು ತಿಂಗಳ ಹಾಜರಿ ಹಳ್ಳದ ಪಾಲಾಯಿತು. ಅವಳು ನನ್ನ ಮಣಿಕಟ್ಟು ಹಿಡಿದು, ಹಟಮಾರಿ ಕರುವನ್ನು ಎಳೆದಂತೆ, ಆಚೆ ದಂಡೆಗೆ ಎಳೆದು ಹಾಕಿದಳು. ಹೀಗೆ ನಾನು ನಿಜಾಮನ ರಾಜ್ಯವನ್ನು ಪ್ರವೇಶಿಸಿದೆ.

ಅವಳು ತಿರುಗಿ ನೋಡದೆ ಓಡಿದಳು. ಒಬ್ಬನೇ ಹಳ್ಳಕ್ಕೆ ಇಳಿಯಲು ಧೈರ್ಯವಿಲ್ಲದೆ ನಾನೂ ಹಿಂದೆ ಹೋದೆ. ಫಕೀರಪ್ಪ ದನದ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕದಲ್ಲೇ ಬಿದ್ದಿದ್ದ. ತುಟಿಗಳು ಒಡೆದಿದ್ದವು. ನೀಲವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚೆಯಲ್ಲಿ ನೀರು ಹನಿಸಿದಳು. ನಾಲ್ಕನೆಯ ಚಮಚೆ ಅವನು ನುಂಗಿದ. ಆಮೇಲೆಯೇ ಅವಳು ಎದ್ದದ್ದು. ಒಲೆ ಹಚ್ಚಿ, ರೊಟ್ಟಿ ಮುರಿದು ಬಿಸಿನೀರಿನಲ್ಲಿ ನೆನೆಸಿ ತಿನ್ನಿಸಿದಳು. ಇನ್ನೊಂದು ರಾತ್ರಿ ಕಳೆದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಅವನು ಕಣ್ಣು ಬಿಟ್ಟು, ಮೂಲೆಯಲ್ಲಿ ನೀರು ಸುರಿಸುತ್ತ ನಿಂತ ನನ್ನನ್ನು ಕಂಡ. “ಯಾರೀತ?”

ನೀಲವ್ವ ಸೆರಗಿನಿಂದ ಅವನ ಬಾಯಿ ಒರೆಸಿದಳು. “ಶಿಬಿರದ ಹುಡುಗ. ಕತ್ತಲಾಗಿತ್ತಲ್ಲ, ನನ್ನ ಮುಟ್ಟಿಸಾಕ ಬಂದಾನ.”

ಫಕೀರಪ್ಪ ಮಲಗಿದಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದ. ನಾನು, “ಇರಲಿ ಬಿಡ್ರಿ,” ಎಂದೆ.

ಮರುದಿನ ಫಕೀರಪ್ಪನ ಒಣಧೋತರ ಉಟ್ಟು ಶಿಬಿರ ತಲುಪುವಾಗ ಎಂಟೂವರೆ. ನಾನಿಲ್ಲದೆಯೂ ಎಂಟು ಹೊಡೆದಿತ್ತು. ಹಾಜರಿ ಯಾಕಿಲ್ಲವೆಂದು ಒಬ್ಬರೂ ಕೇಳಲಿಲ್ಲ. ಹದಿನೈದು ದಿನಕ್ಕೆ ಫಕೀರಪ್ಪ ಚೇತರಿಸಿಕೊಂಡು ಬಂದ. ಶೇಂಗಾದ ಗಂಟೊಂದನ್ನು ನನ್ನ ಕೈಗಿಟ್ಟು, ಎಲ್ಲರ ಮುಂದೆ, “ಈ ಪುಣ್ಯಾತ್ಮನಿಂದ ನಮ್ಮಾಕಿ ಮನಿ ಮುಟ್ಟಿದಳು,” ಎಂದ. ಆವತ್ತೂ ನಾನು ಅದನ್ನೇ ಹೇಳಿದೆ, ಇರಲಿ ಬಿಡ್ರಿ. ಅಲ್ಲಿಂದ ಕತೆ ತಾನೇ ಬೆಳೆಯಿತು. ಹಳ್ಳ ಹೊಳೆಯಾಯಿತು, ಮೊಣಕಾಲು ಕೊರಳಾಯಿತು, ಎಳೆಸಿಕೊಂಡವನು ಹೊತ್ತವನಾದ. ನಾನಾಗಿ ಒಂದು ಸುಳ್ಳನ್ನೂ ಹೇಳಲಿಲ್ಲ. ಪ್ರತಿ ಸಲವೂ ವಿನಯದಿಂದ ತಲೆ ತಗ್ಗಿಸಿದೆ. ಅದಕ್ಕೆ ಕಡಿಮೆ ಶ್ರಮ ಸಾಕು.

ಇವತ್ತು ನಾಲ್ಕು ಗಂಟೆಗೆ ಎದ್ದು ಹೆಡ್‌ಮಾಸ್ತರರಿಗೆ ಪತ್ರ ಬರೆದೆ. ಅದು ಹೊಳೆಯಲ್ಲ, ಹಳ್ಳ. ನೀರು ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ. ನಾನು ಹೋದದ್ದು ಮುಟ್ಟಿಸಲಿಕ್ಕಲ್ಲ, ತಡೆಯಲಿಕ್ಕೆ. ಮಕ್ಕಳಿಗೆ ದಯವಿಟ್ಟು ಇದನ್ನು ಓದಿ ಹೇಳಬೇಕು. ಬರೆದದ್ದನ್ನು ಹೆಂಡತಿಗೆ ಓದಿ ತೋರಿಸಿದೆ. ಅವಳು ಮೆಂತ್ಯಸೊಪ್ಪು ಸೋಸುತ್ತಿದ್ದಳು.

“ನನ್ನ ನೋಡಾಕ ಬಂದಾಗ ನಮ್ಮಪ್ಪನ ಮುಂದನೂ ಹೊಳಿ ಅಂತನ ಹೇಳಿದ್ರಿ.”

“ನಾ ಹೇಳಿಲ್ಲ. ನಮ್ಮ ಕಾಕಾ ಹೇಳಿದ್ದು.”

“ನೀವು ಸುಮ್ಮ ಕುಂತಿದ್ರಿ.” ಒಂದು ಕಡ್ಡಿ ಎಸೆದಳು. “ಇರಲಿ, ಈಗರೆ ಖರೆ ಬರದೀರಿ. ನೀರು ಎಷ್ಟು ಬೆರಳಿತ್ತು ಅನ್ನೂದೂ ಐತಿ. ಆ ಹೆಣ್ಮಗಳ ಹೆಸರೇನು?”

ಕಾಗದವನ್ನು ಮತ್ತೆ ಓದಿದೆ. ಎರಡು ಪುಟದಲ್ಲಿ ನನ್ನ ಹೆಸರು ಮೂರು ಕಡೆ ಇತ್ತು. ಅವಳನ್ನು ‘ಆ ತಾಯಿ’ ಎಂದು ಬರೆದಿದ್ದೆ.

ಮತ್ತೆ ಕುಳಿತು ಕೊನೆಯಲ್ಲಿ ಸೇರಿಸಿದೆ. ಆ ಸಂಜೆ ಹಳ್ಳ ದಾಟಿದವರು: ಒಂದು, ನೀಲವ್ವ, ಶಿಬಿರಕ್ಕೆ ರೊಟ್ಟಿ ಬಡಿದವರು. ಎರಡು, ನಾನು, ಅವರ ಕೈ ಹಿಡಿದು.

ಲಕೋಟೆ ಅಂಟಿಸಿ, ಟಪಾಲು ಡಬ್ಬಿಗೆ ಹಾಕಿ ಬಂದೆ. ಆಗ ಸಂಜೆ ಐದು ಗಂಟೆ ಹತ್ತು ನಿಮಿಷ.